ಮೊಣಕಾಲೆತ್ತರದ ತಂತಿ

ಮುಂಬೈ ಬಂದರಿನ ಹಾಯಿದೋಣಿಗಳಿಗೆ ಮಳೆಗಾಲವೇ ರಜೆ. ಮೇ ಕೊನೆಗೆ ನೀರಿನಿಂದ ಎತ್ತಿ ದಡಕ್ಕೆ ಹಾಕಿದರೆ ಮತ್ತೆ ಇಳಿಸುವುದು ನವರಾತ್ರಿಯ ಹೊತ್ತಿಗೆ. ನಡುವಿನ ನಾಲ್ಕು ತಿಂಗಳು ದುರಸ್ತಿ, ಬಣ್ಣ ಮತ್ತು ವಾದ. ಈ ಸಲದ ವಾದ ಲೈಫ್‌ಲೈನಿನದು. ಇಟ್ಟುಕೊಳ್ಳುವುದೋ, ಕಿತ್ತುಹಾಕುವುದೋ?

ನಮ್ಮದು 22 ಅಡಿಯ ಫೈಬರ್‌ಗ್ಲಾಸ್ ದೋಣಿ, ಇಬ್ಬರ ಪಾಲಿನದು. ನಾನು ಹೊನ್ನಾವರದ ಕಡೆಯವನು. ಪಾಲುದಾರರು ಹುಬ್ಬಳ್ಳಿಯವರು, ನೌಕರಿಗೆಂದು ಮುಂಬೈಗೆ ಬಂದಾಗಲೇ ಮೊದಲ ಸಲ ಸಮುದ್ರ ನೋಡಿದವರು, ಈಗ ನನಗಿಂತ ಚೆನ್ನಾಗಿ ಚುಕ್ಕಾಣಿ ಹಿಡಿಯುತ್ತಾರೆ. ದೋಣಿಯ ಎರಡೂ ಅಂಚಿನಲ್ಲಿ ಸ್ಟೀಲಿನ ಗೂಟಗಳಿವೆ, ಗೂಟಗಳ ತಲೆಯ ಮೂಲಕ ಮುಂದಿನಿಂದ ಹಿಂದಿನವರೆಗೆ ಒಂದು ತಂತಿ ಹಾದಿದೆ. ಅದೇ ಲೈಫ್‌ಲೈನ್. ಎತ್ತರ 45 ಸೆಂಟಿಮೀಟರ್.

ತಂತಿಯ ಮೇಲಿನ ಬಿಳಿ ಪ್ಲಾಸ್ಟಿಕ್ ಕವಚ ಈ ವರ್ಷ ಒಂದು ಕಡೆ ಸೀಳಿ, ಒಳಗಿಂದ ಕಂದು ಬಣ್ಣದ ನೀರು ಸೋರುತ್ತಿತ್ತು. ಹೇಗೂ ಬದಲಾಯಿಸಲೇಬೇಕು. ಬದಲಾಯಿಸುವ ಬದಲು ತೆಗೆದೇ ಬಿಟ್ಟರೆ ಏನು ಎಂದು ಪಾಲುದಾರರು ಕೇಳಿದರು.

"ಇದು ಮನಷ್ಯಾನ್ನ ಹಿಡ್ಯೂ ತಂತಿ ಅಲ್ರೀ, ಕಾಲಿಗೆ ತೊಡರಿ ಕೆಡವೂ ತಂತಿ" ಎನ್ನುವುದು ಅವರ ವಾದ. ಅವರಿಗೀಗ ಅರವತ್ತೊಂದು, ಎಡ ಮೊಣಕಾಲು ಸರಿಯಿಲ್ಲ. ಅವರ ಮಾತನ್ನು ಅಳತೆ ಟೇಪು ಹಿಡಿದು ಪರೀಕ್ಷಿಸಿದೆ. ಸಾಮಾನ್ಯ ಎತ್ತರದ ಮನುಷ್ಯ ನಿಂತಾಗ ದೇಹದ ಭಾರದ ಕೇಂದ್ರ ಹೊಕ್ಕುಳಿನ ಆಸುಪಾಸಿನಲ್ಲಿ, ಸುಮಾರು 90 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ನಮ್ಮ ತಂತಿ ಅದರ ಅರ್ಧಕ್ಕಿದೆ. ನಿಂತವನು ವಾಲಿದರೆ ತಂತಿ ಅವನ ಕಾಲನ್ನಷ್ಟೇ ತಡೆಯುತ್ತದೆ, ಮೇಲಿನ ದೇಹ ಅದೇ ತಂತಿಯನ್ನು ಆಧಾರ ಮಾಡಿಕೊಂಡು ಆಚೆಗೆ ಮಗುಚುತ್ತದೆ. ಮುಂಬೈಯ ಯಾವ ಫ್ಲಾಟಿಗೂ ಮೊಣಕಾಲೆತ್ತರದ ಬಾಲ್ಕನಿ ಕಟಕಟೆ ಇಟ್ಟರೆ ಕೊಳ್ಳುವವರು ಸಿಗುವುದಿಲ್ಲ.

ಇದು ನಮ್ಮ ದೋಣಿಯೊಂದರ ಕಥೆಯಲ್ಲ. ದೂರದ ಕಡಲ ಓಟಗಳಿಗೆ ವರ್ಲ್ಡ್ ಸೇಲಿಂಗ್ ಸಂಸ್ಥೆ ಇಟ್ಟಿರುವ ಕನಿಷ್ಠ ಎತ್ತರವೇ 60 ಸೆಂಟಿಮೀಟರ್, ಅಂದರೆ ತೊಡೆಯ ಮಧ್ಯಕ್ಕೆ. 8.5 ಮೀಟರಿಗಿಂತ ಚಿಕ್ಕ ದೋಣಿಗಳಿಗೆ 45ಕ್ಕೆ ಇಳಿಸಲು ಅವಕಾಶವಿದೆ.

ಅವರ ಇತರ ದೂರುಗಳೂ ಸುಳ್ಳಲ್ಲ. ಮುಂದಿನ ಹಾಯಿ ತಂತಿಗೆ ಉಜ್ಜಿ ಸವೆಯುತ್ತದೆ. ಗೂಟದ ಬೋಲ್ಟುಗಳ ಸುತ್ತ ನೀರು ಇಳಿದು ಡೆಕ್ಕಿನ ಒಳಪದರ ಮೆತ್ತಗಾಗುತ್ತದೆ. ಗೂಟವೆಂದರೆ ಸನ್ನೆಕೋಲು. 45 ಸೆಂಟಿಮೀಟರ್ ಮೇಲೆ ಒಬ್ಬ ಮನುಷ್ಯ ಬಿದ್ದರೆ, ಹತ್ತು ಸೆಂಟಿಮೀಟರ್ ಅಗಲದ ಬುಡದ ಬೋಲ್ಟುಗಳ ಮೇಲೆ ನಾಲ್ಕೈದು ಪಟ್ಟು ಎಳೆತ ಬೀಳುತ್ತದೆ. ಮೆತ್ತಗಾದ ಡೆಕ್ಕಿನಲ್ಲಿ ಅದು ಬೇರುಸಹಿತ ಕಿತ್ತು ಬರಬಹುದು. ಇನ್ನು ಕವಚ. ಸ್ಟೇನ್‌ಲೆಸ್ ಸ್ಟೀಲು ತುಕ್ಕು ಹಿಡಿಯದಿರಲು ಅದಕ್ಕೆ ಗಾಳಿ ತಾಗಬೇಕು, ಆಮ್ಲಜನಕದಿಂದಲೇ ಅದರ ರಕ್ಷಾಪದರ ಉಳಿಯುವುದು. ಪ್ಲಾಸ್ಟಿಕ್ಕಿನೊಳಗೆ ಉಪ್ಪುನೀರು ಸೇರಿ ಗಾಳಿ ತಪ್ಪಿದರೆ ಹೊರಗೆ ಬೆಳ್ಳಗೆ ಕಾಣುವ ತಂತಿ ಒಳಗೆ ಕೊರೆದುಹೋಗಿರುತ್ತದೆ.

ಇಷ್ಟೆಲ್ಲ ಒಪ್ಪಿಯೂ ನನಗೆ ತೆಗೆಯಲು ಮನಸ್ಸು ಬರಲಿಲ್ಲ. ನನ್ನ ಹನ್ನೆರಡು ವರ್ಷದ ಮಗಳು ಕಳೆದ ವರ್ಷದಿಂದ ನಮ್ಮ ಜೊತೆ ಬರುತ್ತಿದ್ದಾಳೆ. ಮುಂದಿನ ಹಾಯಿ ಇಳಿಸುವ ಕೆಲಸ ತನ್ನದೇ ಎಂದು ಹಠ ಹಿಡಿದಿದ್ದಾಳೆ. ದೋಣಿಯ ತುದಿಯೆಂದರೆ ಅಲೆಗೆ ಅತಿ ಹೆಚ್ಚು ಕುಣಿಯುವ ಜಾಗ.

ಮುಂಬೈಯ ನೀರು ಬೆಚ್ಚಗಿರುತ್ತದೆ. ಯುರೋಪಿನ ಕಡಲುಗಳಲ್ಲಿ ಬಿದ್ದವರನ್ನು ಕೊಲ್ಲುವ ಚಳಿ ಇಲ್ಲಿಲ್ಲ. ಆದರೆ ಇಲ್ಲಿ ಅಮಾವಾಸ್ಯೆ ಹುಣ್ಣಿಮೆಗೆ ಸುಮಾರು ನಾಲ್ಕು ಮೀಟರ್ ನೀರು ಏರಿಳಿಯುತ್ತದೆ, ಇಳಿತದ ಸೆಳೆತ ಹೊರಗಡಲಿನ ಕಡೆಗೆ. ದೋಣಿ ಐದು ನಾಟ್ ವೇಗದಲ್ಲಿದ್ದರೆ ಒಂದು ನಿಮಿಷಕ್ಕೆ 150 ಮೀಟರ್ ಸಾಗುತ್ತದೆ. ಹಾಯಿ ಸಡಿಲಿಸಿ ತಿರುಗುವಷ್ಟರಲ್ಲಿ, ಮಾಂಡ್ವಾ ಫೆರಿಗಳು ಎಬ್ಬಿಸಿದ ಅಲೆಗಳ ನಡುವೆ ಒಂದು ತಲೆಯನ್ನು ಹುಡುಕುವುದು ಸುಲಭವಲ್ಲ. ಸಿಕ್ಕರೂ, ನೆನೆದ ಬಟ್ಟೆಯ ಎಂಬತ್ತು ಕೆಜಿಯ ಮನುಷ್ಯನನ್ನು ಉಳಿದ ಒಬ್ಬರೇ ಮೇಲೆತ್ತಬೇಕು. ಬೀಳದಿರುವುದೇ ಉಪಾಯ.

ಇಂಥ ಚರ್ಚೆಗಳಲ್ಲಿ ಎರಿಕ್ ತಬಾರ್ಲಿಯ ಹೆಸರು ಬಂದೇ ಬರುತ್ತದೆ. ಅಟ್ಲಾಂಟಿಕ್ ಸಾಗರವನ್ನು ಒಬ್ಬಂಟಿಯಾಗಿ ದಾಟುವ ಓಟವನ್ನು 1964ರಲ್ಲೂ 1976ರಲ್ಲೂ ಗೆದ್ದ ಫ್ರೆಂಚ್ ನಾವಿಕ. 1998ರ ಜೂನ್‌ನ ಒಂದು ರಾತ್ರಿ, ನೂರು ವರ್ಷ ತುಂಬಿದ್ದ ತನ್ನ ಪೆನ್ ಡ್ಯುಯಿಕ್ ದೋಣಿಯಲ್ಲಿ ವೇಲ್ಸ್ ಸಮೀಪ ಸಾಗುತ್ತ ಹಾಯಿ ಬದಲಿಸುವಾಗ, ಹಾಯಿಯ ಮರದ ತೊಲೆ ಬಡಿದು ನೀರಿಗೆ ಬಿದ್ದು ತೀರಿಕೊಂಡ. ಆ ಹಳೆಯ ಮಾದರಿಯ ದೋಣಿಗೆ ಲೈಫ್‌ಲೈನ್ ಇರಲಿಲ್ಲ. "ನೋಡಿ, ಅಂಥವನೇ ಹೋದ" ಎಂದೆ ನಾನು. "ತೊಲಿ ಬಡದು ಬೀಳೂ ಮನಷ್ಯಾನ್ನ ಯಾವ ತಂತೀ ಹಿಡೀತೈತ್ರೀ? ಅಂವಾ ಮೈಗೆ ಹಗ್ಗಾ ಕಟಗೊಂಡಿದ್ದಿಲ್ಲ, ಅದನ್ನ ಹೇಳ್ರೀ" ಎಂದರು ಅವರು. ಅದೂ ನಿಜ. ಅವನು ಹಾರ್ನೆಸ್ ತೊಟ್ಟು ದೋಣಿಗೆ ಕೊಂಡಿ ಹಾಕಿಕೊಂಡಿರಲಿಲ್ಲ.

ನನಗೆ ದಾರಿ ತೋರಿದ್ದು ಊರಿನ ನೆನಪು. ಚಿಕ್ಕಂದಿನಲ್ಲಿ ಶರಾವತಿ ದಾಟುತ್ತಿದ್ದ ದೋಣಿಗಳಿಗೆ ಕಟಕಟೆ, ತಂತಿ ಏನೂ ಇರಲಿಲ್ಲ. ಇದ್ದದ್ದು ಅಂಬಿಗರ ಕೂಗು: "ಕೂತ್ಕಳಿ, ಕೂತ್ಕಳಿ, ಯಾರೂ ನಿಲ್ಬೇಡಿ." ಮೀನಿನ ಬುಟ್ಟಿಯವರೂ, ಮದುವೆಗೆ ಹೊರಟವರೂ, ಶಾಲೆಯ ಮಾಸ್ತರರೂ ಕೆಳಗೆ ಕೂರಬೇಕಿತ್ತು. ಆ ದೋಣಿಗಳ ಸುರಕ್ಷತೆ ಇದ್ದದ್ದು ಜನ ತಗ್ಗಿ ಕೂರುವುದರಲ್ಲಿ.

ಅದೇ ಅಳತೆ ಟೇಪಿನಿಂದ ಮತ್ತೊಮ್ಮೆ ನೋಡಿದೆ. ಮಗಳನ್ನು ಡೆಕ್ಕಿನ ಮೇಲೆ ಅಂಬೆಗಾಲಿನಲ್ಲಿ ನಿಲ್ಲಿಸಿದರೆ ತಂತಿ ಅವಳ ಭುಜಕ್ಕೆ ಸಮನಾಗಿ ಬಂತು. ಕೂತಾಗ ಎದೆಗೆ. ಜಾರಿ ಅಂಚಿನ ಕಡೆ ಉರುಳಿದರೆ ಗೂಟವೋ ತಂತಿಯೋ ಮೈಗೆ ಸಿಕ್ಕೇ ಸಿಗುತ್ತದೆ. ಅಂದರೆ ನಿಂತವರಿಗೆ ಅಪಾಯವಾದ ಎತ್ತರವೇ ಬಗ್ಗಿದವರಿಗೆ ಸರಿಯಾದ ಎತ್ತರ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂಬ ಗಾದೆ ದೋಣಿಯಲ್ಲಿ ನಡೆಯುವುದಿಲ್ಲ.

ಹಾಗಾಗಿ ಇಟ್ಟುಕೊಳ್ಳುವುದೆಂದು ತೀರ್ಮಾನಿಸಿದೆವು, ಷರತ್ತುಗಳ ಮೇಲೆ. ಕಂಬದಿಂದ ಮುಂದಕ್ಕೆ ಯಾರೂ ನಿಂತು ಹೋಗುವಂತಿಲ್ಲ, ಗಾಳಿ ಎಷ್ಟೇ ಸಣ್ಣದಿರಲಿ. ತಂತಿಯನ್ನು ಹಿಡಿಯುವಂತಿಲ್ಲ, ಅದಕ್ಕೆ ಒರಗುವಂತಿಲ್ಲ, ದೋಣಿ ಹತ್ತುವಾಗ ಗೂಟ ಜಗ್ಗುವಂತಿಲ್ಲ. ಕೈಗೆ ಬೇಕಾದ ಹಿಡಿಕೆಗಳು ಕ್ಯಾಬಿನ್ನಿನ ಮೇಲಿವೆ.

ನಿಜವಾಗಿ ಹಿಡಿಯುವ ಕೆಲಸವನ್ನು ಜಾಕ್‌ಲೈನಿಗೆ ಕೊಟ್ಟೆವು. ಡೆಕ್ಕಿನ ನಡುವೆ ಮುಂದಿನಿಂದ ಹಿಂದಕ್ಕೆ ಬಿಗಿದ ಗಟ್ಟಿ ಪಟ್ಟಿ ಅದು, ಹಾರ್ನೆಸ್ಸಿನ ಕೊಂಡಿಯನ್ನು ಅದಕ್ಕೆ ಹಾಕಿಕೊಂಡೇ ಮುಂದೆ ಹೋಗಬೇಕು. ಇಲ್ಲೂ ಒಂದು ಲೆಕ್ಕವಿದೆ. ನಮ್ಮ ದೋಣಿಯ ನಡುವಿನಿಂದ ಅಂಚಿಗೆ ನಾಲ್ಕೇ ಅಡಿ, 1.2 ಮೀಟರ್. ಎರಡು ಮೀಟರಿನ ಹಗ್ಗ ಕಟ್ಟಿಕೊಂಡರೆ ನೀರಿಗೆ ಬಿದ್ದ ಮೇಲೂ ದೋಣಿಯ ಜೊತೆ ಎಳೆದುಕೊಂಡು ಹೋಗುವ ಭಾಗ್ಯವಷ್ಟೇ. ಅದಕ್ಕೆ ಒಂದು ಮೀಟರಿನದನ್ನೇ ಬಳಸುವುದು.

ಹೊಸ ತಂತಿಗೆ ಕವಚವಿಲ್ಲ. ಗೂಟಗಳನ್ನೆಲ್ಲ ಕಿತ್ತು, ಡೆಕ್ಕಿನ ಮೆತ್ತಗಾದ ಭಾಗ ಕೆರೆದು ತುಂಬಿಸಿ, ಒಳಗಿನಿಂದ ಅಗಲವಾದ ಲೋಹದ ತಟ್ಟೆ ಕೊಟ್ಟು ಮತ್ತೆ ಕೂರಿಸಿದ್ದಾಯಿತು. ಮುಂಭಾಗದಲ್ಲಿ ತಂತಿಗೂ ಡೆಕ್ಕಿಗೂ ನಡುವೆ ಬಲೆ ಕಟ್ಟಿದೆವು, ಮಗಳೂ ಕೆಳಗಿಳಿಸಿದ ಹಾಯಿಯೂ ಅಡಿಯಿಂದ ಜಾರದ ಹಾಗೆ. ಹಿಂದಿನ ತುದಿಯಲ್ಲಿ ತಂತಿಯನ್ನು ಸ್ಕ್ರೂ ಬದಲು ತೆಳು ಹುರಿಯ ಹಲವು ಸುತ್ತುಗಳಿಂದ ಬಿಗಿದೆವು. ಯಾರಾದರೂ ಬಿದ್ದರೆ ಚಾಕುವಿನಿಂದ ಹುರಿ ಕತ್ತರಿಸಿ ಆ ಬದಿಯ ತಂತಿಯನ್ನೇ ಕೆಳಗೆ ಬೀಳಿಸಬಹುದು. ಬಿದ್ದವರನ್ನು ಮೊಣಕಾಲೆತ್ತರದ ಬೇಲಿ ದಾಟಿಸಿ ಎತ್ತುವುದಕ್ಕಿಂತ ಬರಿಯ ಅಂಚಿನ ಮೇಲೆ ಉರುಳಿಸಿಕೊಳ್ಳುವುದು ಒಬ್ಬರೇ ಇದ್ದಾಗ ಎಷ್ಟೋ ಮೇಲು.

ಪಾಲುದಾರರು ಪೂರ್ತಿ ಒಪ್ಪಿಲ್ಲ. ಮೊಣಕಾಲೂರಿ ಹೋಗುವುದು ಅವರಿಗೆ ನೋವು, ಹಾಗಾಗಿ ಅವರು ಇನ್ನು ಮುಂದೆ ಕಂಬದಿಂದ ಆಚೆಗೆ ಹೋಗುವುದಿಲ್ಲ. ಇಪ್ಪತ್ತು ವರ್ಷ ಆ ತುದಿಯಲ್ಲಿ ನಿಂತವರು ಅವರು. ಒಂದೇ ಒಂದು ಕರಾರು ಹಾಕಿದರು: ಬಿಸಿಲು, ಉಪ್ಪಿಗೆ ಆ ಹುರಿ ಬೇಗ ಸಾಯುತ್ತದೆ, ವರ್ಷಕ್ಕೊಮ್ಮೆ ಹೊಸದು ಕಟ್ಟಬೇಕು. ದಿನವನ್ನೂ ಅವರೇ ಗೊತ್ತು ಮಾಡಿದ್ದಾರೆ. ಆಯುಧಪೂಜೆಯಂದು, ಹೂ ಏರಿಸುವ ಮೊದಲು.