ನನ್ನ ಓರಗೆಯ ಪುಸ್ತಕಗಳು

ಓರಗೆಯವರು ಎಂದರೆ ಸರಿಸುಮಾರು ಒಂದೇ ವಯಸ್ಸಿನವರು. ನಮ್ಮ ಕಡೆ ಈ ಲೆಕ್ಕಕ್ಕೆ ಮನುಷ್ಯರೇ ಆಗಬೇಕೆಂಬ ನಿಯಮವಿಲ್ಲ; ಕರು, ಮರಗಳೂ ಸೇರುವುದುಂಟು. ಗಾವಡಗೆರೆಯ ನಮ್ಮ ಹಿತ್ತಲಿನ ಒಂದು ತೆಂಗಿನ ಮರವನ್ನು ತೋರಿಸಿ, “ಇದು ನಿನ್ನ ಓರಗೆ ಕಣಮ್ಮಿ” ಎಂದು ನಮ್ಮಜ್ಜಿ ನೂರು ಸಲವಾದರೂ ಹೇಳಿದ್ದಾರೆ. ಮರ ಕಾಯಿ ಬಿಡತೊಡಗಿ ಎಷ್ಟೋ ವರ್ಷಗಳಾದುವು, ನಾನು ಇನ್ನೂ ಓದುತ್ತಲೇ ಇದ್ದೇನೆ ಎಂಬ ಸಣ್ಣ ಮುಳ್ಳೂ ಆ ಮಾತಿನೊಳಗೆ ಇಲ್ಲದಿಲ್ಲ. ಇರಲಿ. ಪುಸ್ತಕಗಳಲ್ಲಿಯೂ ನನಗೆ ಓರಗೆಯವರಿರಬಹುದೆಂಬುದು ಹೊಳೆದದ್ದು ಮಾತ್ರ ಬಿ.ಎ. ಅಂತಿಮ ವರ್ಷಕ್ಕೆ ಬಂದ ಮೇಲೆಯೇ.

ಒಂದು ದಿನ ನಮ್ಮ ಅಧ್ಯಾಪಕರೊಬ್ಬರು ಪಾಠದ ನಡುವೆ ಪುಸ್ತಕವೊಂದರ ಶೀರ್ಷಿಕೆಯ ಪುಟವನ್ನು ಮಗುಚಿ, ಅದರ ಬೆನ್ನಿಗಿದ್ದ ಸಣ್ಣಕ್ಷರಗಳನ್ನು ತೋರಿಸಿದರು. “ಇದು ನೀವು ಯಾರೂ ಓದದ ಪುಟ. ಪುಸ್ತಕದ ಜಾತಕ ಇರುವುದು ಇಲ್ಲಿ” ಎಂದರು. ಎಲ್ಲರೂ ನಕ್ಕೆವು. ಆದರೆ ಜಾತಕವೆಂಬ ಮಾತು ನನ್ನ ತಲೆಯಲ್ಲಿ ಉಳಿಯಿತು. ನಾನು ಹುಟ್ಟಿದ್ದು 2005ರಲ್ಲಿ, ಪಂಚಾಂಗದವರ ಲೆಕ್ಕದಲ್ಲಿ ಪಾರ್ಥಿವ ಸಂವತ್ಸರ. ಆ ವರ್ಷ ಕನ್ನಡದಲ್ಲಿ ಹುಟ್ಟಿದ ಪುಸ್ತಕ ಯಾವುದು? ಅದನ್ನು ಓದಿಯೇ ಕಾಲೇಜು ಬಿಡಬೇಕು ಎಂದುಕೊಂಡೆ.

ಹುಡುಕುವುದು ಸುಲಭವಾಗಲಿಲ್ಲ. ಗ್ರಂಥಾಲಯದಲ್ಲಿ ಪುಸ್ತಕಗಳು ವಿಷಯಕ್ಕೆ ತಕ್ಕಂತೆ ನಿಂತಿರುತ್ತವೆಯೇ ಹೊರತು ವಯಸ್ಸಿಗೆ ತಕ್ಕಂತೆ ಅಲ್ಲ. ಒಂದೊಂದನ್ನೇ ತೆಗೆದು, ಪುಟ ಮಗುಚಿ, ಮರಳಿ ಇಡಬೇಕು. ಅದರಲ್ಲಿಯೂ ಮರುಮುದ್ರಣವಾದ ಪುಸ್ತಕಗಳಿಗೆ ಮೂರು ನಾಲ್ಕು ವರ್ಷಗಳು ನಮೂದಾಗಿರುತ್ತವೆ. ಹುಟ್ಟಿದ್ದು ಯಾವಾಗ, ಹೊಸ ಅಂಗಿ ತೊಟ್ಟಿದ್ದು ಯಾವಾಗ ಎಂದು ಬೇರ್ಪಡಿಸಿ ನೋಡಬೇಕು. ಶ್ರೀನಿವಾಸ ವೈದ್ಯರ ‘ಹಳ್ಳ ಬಂತು ಹಳ್ಳ’ ಸಿಕ್ಕಿತು. 2008ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆದ ಕಾದಂಬರಿ. ನೋಡಿದರೆ 2004ರದು, ನನಗೆ ಅಕ್ಕನಾಗಬೇಕು. ವಸುಧೇಂದ್ರರ ‘ನಮ್ಮಮ್ಮ ಅಂದ್ರೆ ನಂಗಿಷ್ಟ’ 2006ರದು, ತಂಗಿ. ಗ್ರಂಥಪಾಲಕರು ನನ್ನ ಅವಸ್ಥೆಯನ್ನು ಎರಡು ವಾರ ಸುಮ್ಮನೆ ನೋಡಿದರು. ಮೂರನೆಯ ವಾರ ಕನಿಕರದಿಂದ ಒಂದು ಕುರ್ಚಿ ಕೊಟ್ಟರು. ಆ ಕುರ್ಚಿಯ ಮೇಲೆ ಕುಳಿತಿದ್ದಾಗಲೇ ಕೈಗೆ ಬಂದದ್ದು ಜಯಂತ ಕಾಯ್ಕಿಣಿಯವರ ಕಥಾಸಂಕಲನ ‘ತೂಫಾನ್ ಮೇಲ್’. ಪ್ರಥಮ ಮುದ್ರಣ 2005.

ಪುಸ್ತಕವನ್ನು ಮನೆಗೆ ಒಯ್ದಾಗ ಹೊಗೆಸೊಪ್ಪಿನ ಕಾಲ. ಹುಣಸೂರು ಸೀಮೆಯ ಆಗಸ್ಟ್ ತಿಂಗಳು ಹೇಗಿರುತ್ತದೆಂದು ಇಲ್ಲಿನ ಬಹುಪಾಲು ಓದುಗರಿಗೆ ವಿವರಿಸಬೇಕಾಗಿಲ್ಲ. ಹಗಲು ಸೊಪ್ಪು ಮುರಿದು ತಂದು ಕಡ್ಡಿಗಳಿಗೆ ಕಟ್ಟುವುದು, ಬ್ಯಾರನ್ನಿಗೆ ಏರಿಸುವುದು, ಆಮೇಲೆ ಐದಾರು ದಿನ ಹಗಲಿರುಳೂ ಒಲೆಯ ಉರಿ ಕಾಯುವುದು. ಉರಿ ಹೆಚ್ಚಿದರೂ ಕಷ್ಟ, ತಗ್ಗಿದರೂ ಕಷ್ಟ. ಸೊಪ್ಪಿನ ಬಣ್ಣ ಕೆಟ್ಟರೆ ಹರಾಜಿನಲ್ಲಿ ಕೇಳುವವರಿಲ್ಲ. ರಾತ್ರಿಯ ಸರದಿ ಅವ್ವನದೂ ನನ್ನದೂ. ನಿದ್ದೆ ಬಾರದಿರಲೆಂದು ನಾನು ಗಟ್ಟಿಯಾಗಿ ಓದತೊಡಗಿದೆ.

ಕಥೆಗಳೆಲ್ಲ ದೊಡ್ಡ ಪಟ್ಟಣದವು, ಮುಂಬಯಿಯವು ಬಹಳ. ಕಾಯ್ಕಿಣಿಯವರು ಗೋಕರ್ಣದವರು, ಮುಂಬಯಿಯಲ್ಲಿ ಬಹುಕಾಲ ಉದ್ಯೋಗದಲ್ಲಿದ್ದವರು. ಸಿನಿಮಾದಲ್ಲಿ ನಾಯಕನ ಬದಲಿಗೆ ತಾನು ಅಪಾಯಕ್ಕೆ ಹಾರುವವನಂಥ, ಯಾರ ಕಣ್ಣಿಗೂ ಬೀಳದ ಜನ ಅವರ ಕಥೆಗಳಲ್ಲಿ ಬಂದುಹೋಗುತ್ತಾರೆ. ಮುಂಬಯಿಯನ್ನು ನಾನೂ ಕಂಡಿಲ್ಲ, ಅವ್ವನೂ ಕಂಡಿಲ್ಲ. ಎರಡನೆಯ ರಾತ್ರಿ ಅವ್ವ ಒಲೆಗೆ ಸೌದೆ ನೂಕುತ್ತ, “ಅಷ್ಟು ದೊಡ್ಡೂರಲ್ಲೂ ನಮ್ಮಂತೋರೇ ಅವ್ರಲ್ಲ” ಎಂದಳು. ನಮ್ಮಲ್ಲಿ ವಿಮರ್ಶೆ ಬರೆಯುವವರು ಇದನ್ನೇ ನಾಲ್ಕು ಪುಟಕ್ಕೆ ಹಿಗ್ಗಿಸುತ್ತಾರೆಂದು ನನ್ನ ಅನುಮಾನ.

ಮರುದಿನ ಸೊಪ್ಪು ಕಟ್ಟಲು ಬಂದ ಹೆಂಗಸರಿಗೂ ಈ ಸುದ್ದಿ ಮುಟ್ಟಿತು. ಬರೆದವರು ಯಾರೆಂದು ಕೇಳಿದರು. ಹೆಸರು ಹೇಳಿದೆ, ಯಾರಿಗೂ ತಿಳಿಯಲಿಲ್ಲ. ‘ಮುಂಗಾರು ಮಳೆ’ ಚಿತ್ರಕ್ಕೆ ಹಾಡು ಬರೆದವರಲ್ಲಿ ಇವರೂ ಒಬ್ಬರು ಎಂದೆ. ಕೈಗಳೆಲ್ಲ ಒಮ್ಮೆಗೇ ನಿಂತುವು! ಆ ಹಾಡುಗಳು ಯಾರಿಗೆ ಬಾರದು? ಚಿತ್ರ ಬಿಡುಗಡೆಯಾದದ್ದು 2006ರ ಡಿಸೆಂಬರಿನಲ್ಲಿ; ಕೆಲವೇ ತಿಂಗಳುಗಳಲ್ಲಿ ಹಾಡುಗಳು ಬಸ್ಸಿನಲ್ಲಿ, ಜಾತ್ರೆಯಲ್ಲಿ, ಮದುವೆಯ ಚಪ್ಪರದಲ್ಲಿ ಮೊಳಗಿದುವಂತೆ. ಅದೇ ಕೈ ಅದಕ್ಕೂ ಮೊದಲೇ ಬರೆದಿದ್ದ ಕಥೆಗಳು ನಮ್ಮ ಬ್ಯಾರನ್ನಿನ ಬಾಗಿಲಿಗೆ ಬರಲು ಇಪ್ಪತ್ತು ವರ್ಷ ಹಿಡಿಯಿತು. ಅಷ್ಟರೊಳಗೆ ಅವರ ಮುಂಬಯಿ ಕಥೆಗಳು ತೇಜಸ್ವಿನಿ ನಿರಂಜನರ ಅನುವಾದದಲ್ಲಿ ಇಂಗ್ಲಿಷಿಗೆ ಹೋಗಿ, 2018ರ ಡಿ.ಎಸ್.ಸಿ. ಬಹುಮಾನವನ್ನೂ ಗೆದ್ದುಕೊಂಡಿದ್ದುವು. ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿ.ಮೀ. ಮಾತ್ರ. ಪುಸ್ತಕ ಯಾವ ದಾರಿ ಹಿಡಿದು ಬಂತೋ!

ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. 2005ರಲ್ಲಿ ನಮ್ಮ ಮನೆಯೊಳಗೆ ಅಚ್ಚಾದ ಕಾಗದ ಏನೇನಿತ್ತೆಂದು ಅಪ್ಪನ ತಗಡಿನ ಪೆಟ್ಟಿಗೆ ತೆಗೆದು ನೋಡಿದೆ. ಹೊಗೆಸೊಪ್ಪಿನ ಹರಾಜಿನ ಚೀಟಿಗಳು, ಅವ್ವನ ಬಾಣಂತನದ ಕಾಲದ ತಾಯಿ ಕಾರ್ಡು, ಮನೆ ಕಂದಾಯದ ರಸೀತಿ. ಉದ್ಯೋಗ ಖಾತರಿಯ ಕಾರ್ಡೂ ಇತ್ತು, ಆದರೆ ಅದು ಆಮೇಲಿನದು. ಆ ಕಾಯಿದೆ ನನ್ನ ಓರಗೆ, 2005ರದು. ನಮ್ಮ ಜಿಲ್ಲೆಗೆ ಬಂದದ್ದು 2008ರಲ್ಲಿ. ಕಾಯಿದೆಗೆ ಮೂರು ವರ್ಷ, ಕಥೆಗೆ ಇಪ್ಪತ್ತು.

ಕಂದಾಯದ ರಸೀತಿಯನ್ನು ನಾನು ಬಹಳ ಹೊತ್ತು ನೋಡಿದೆ. ಅದರಲ್ಲಿ ‘ಗ್ರಂಥಾಲಯ ಕರ’ ಎಂಬ ಬಾಬತ್ತಿತ್ತು. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಿಂದ ಬಂದ ಕರ ಅದು. ನೂರು ರೂಪಾಯಿ ಕಂದಾಯಕ್ಕೆ ಆರು ರೂಪಾಯಿ. ಅಪ್ಪನಿಗೆ ಸಹಿ ಹಾಕುವುದಕ್ಕಿಂತ ಹೆಚ್ಚು ಅಕ್ಷರ ಬಾರದು. ತಾತನಿಗೆ ಅದೂ ಬರುತ್ತಿರಲಿಲ್ಲ. ಇಬ್ಬರೂ ವರ್ಷ ವರ್ಷವೂ ಯಾರೋ ಓದಲೆಂದು ದುಡ್ಡು ಕಟ್ಟಿದ್ದಾರೆ. ಅಪ್ಪನಿಗೆ ಇದನ್ನು ತಿಳಿಸಿದಾಗ, “ಹಂಗಾರೆ ನಾನೂ ಪುಸ್ತಕ ತಕ್ಕೊಟ್ಟಂಗಾಯ್ತು ಬುಡು” ಎಂದು ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ.

ಏಕೆಂದರೆ ಓದಲು ಬಾರದವರ ಮನೆಗೆ ಪುಸ್ತಕ ಬರಲಿಲ್ಲವೆಂದರೆ ಒಪ್ಪಬಹುದು. ಅವ್ವ ಏಳನೆಯ ತರಗತಿಯವರೆಗೆ ಓದಿದವಳು. ನಾನು ಹುಟ್ಟಿದಾಗ ಅವಳಿಗೆ ಇಪ್ಪತ್ತು ವರ್ಷ, ಇಂದು ನನಗಿರುವಷ್ಟೇ ವಯಸ್ಸು. ಓದಬಲ್ಲ ಇಪ್ಪತ್ತರ ಹೆಣ್ಣುಮಗಳೊಬ್ಬಳು ಮನೆಯಲ್ಲಿದ್ದಳು. ಅವಳು ಓದಬಹುದಾದ ಪುಸ್ತಕ ಅದೇ ವರ್ಷ ಅದೇ ಭಾಷೆಯಲ್ಲಿ ಅಚ್ಚಾಗಿತ್ತು. ಆ ವರ್ಷ ಅವಳು ಓದಿದ್ದು ತಾಯಿ ಕಾರ್ಡಿನ ಮೇಲಿದ್ದ ಚುಚ್ಚುಮದ್ದಿನ ದಿನಾಂಕಗಳನ್ನು.

ತೂಫಾನ್ ಮೇಲ್ ಮುಗಿದ ರಾತ್ರಿ ಅವ್ವ ಪುಸ್ತಕವನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುವಿದಳು. ಆಮೇಲೆ, “ನಾ ಹುಟ್ದೊರ್ಸದ್ದು ಯಾವ್ದಾರೂ ಐತಾ?” ಎಂದು ಕೇಳಿದಳು.

ಇಲ್ಲಿ ಒಂದು ತೊಡಕು. ಅವ್ವನ ಶಾಲಾ ದಾಖಲೆಯ ಪ್ರಕಾರ ಅವಳು ಹುಟ್ಟಿದ್ದು 1985ರ ಜೂನ್ 1ರಂದು. ಆ ಕಾಲದಲ್ಲಿ ಹಳ್ಳಿಯ ಮಕ್ಕಳನ್ನು ಶಾಲೆಗೆ ಸೇರಿಸುವಾಗ ಅನೇಕರಿಗೆ ದೊರೆತ ಜನ್ಮದಿನ ಈ ಜೂನ್ ಒಂದೇ. ನಮ್ಮ ಕಾಲೇಜಿನವರ ತಂದೆ ತಾಯಿಗಳನ್ನು ವಿಚಾರಿಸಿದರೆ ಆ ದಿನ ಹುಟ್ಟಿದವರ ದೊಡ್ಡ ಮೆರವಣಿಗೆಯನ್ನೇ ಹೊರಡಿಸಬಹುದು. ಪಿರಿಯಾಪಟ್ಟಣದ ಕಡೆಯ ನಮ್ಮ ಅಮ್ಮಮ್ಮ ಹೇಳುವ ಪ್ರಕಾರ ಅವ್ವ ಎರಡು ಮಳೆಗಾಲ ಹಿರಿಯಳು. ಯಾವುದನ್ನು ಹಿಡಿಯುವುದು? ಕೊನೆಗೆ ಹೆಡ್‌ಮಾಸ್ತರರ ಮಾತನ್ನೇ ಎತ್ತಿಹಿಡಿದೆವು. 1985ರಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ ಹುಟ್ಟಿತ್ತು, ನಮ್ಮ ಗ್ರಂಥಾಲಯದಲ್ಲಿ ಅದರ ಪ್ರತಿಯೂ ಇತ್ತು.

ಈ ಸಲ ನಾನು ಓದಿ ಹೇಳಲಿಲ್ಲ. ಅವ್ವ ತಾನೇ ಓದುತ್ತಿದ್ದಾಳೆ, ಬೆರಳಿಟ್ಟುಕೊಂಡು, ದಿನಕ್ಕೆ ಎರಡು ಮೂರು ಪುಟ. ಏಲಕ್ಕಿಯ ಬೆಳೆ ಏಕೆ ಕುಸಿಯಿತೆಂದು ವಿಚಾರಿಸಲು ಸರ್ಕಾರದವರು ಬರುವ ಭಾಗ ಅವಳಿಗೆ ಬಹಳ ಹಿಡಿಸಿದೆ. “ಹೊಗೆಸೊಪ್ಪಿಗೂ ಹಿಂಗೇ ಒಬ್ಬ ಬರ್ಬೇಕಿತ್ತು” ಎನ್ನುತ್ತಾಳೆ. ಇಪ್ಪತ್ತೇಳು ವರ್ಷ ಪುಸ್ತಕ ಮುಟ್ಟದ ಕಣ್ಣು ಬೇಗ ದಣಿಯುತ್ತದೆ. ಆದರೂ ಗುರುತಿಗೆ ಇಟ್ಟ ಹೊಗೆಸೊಪ್ಪಿನ ದಾರ ಪುಟದಿಂದ ಪುಟಕ್ಕೆ ಮುಂದೆ ಸರಿಯುತ್ತಲೇ ಇದೆ.

ಪುಸ್ತಕವನ್ನು ಎರಡು ಸಲ ನನ್ನ ಹೆಸರಿಗೆ ಮತ್ತೆ ಬರೆಸಿದ್ದೇನೆ. ಅಂತಿಮ ವರ್ಷದವರು ಹಾಲ್ ಟಿಕೆಟ್ಟಿಗೆ ಮುಂಚೆ ಎಲ್ಲ ಪುಸ್ತಕಗಳನ್ನೂ ಹಿಂತಿರುಗಿಸಿ, ಬಾಕಿ ಇಲ್ಲವೆಂಬ ಚೀಟಿ ಪಡೆಯಬೇಕು. ಅಲ್ಲಿಗೆ ನನ್ನ ಗ್ರಂಥಾಲಯದ ಕಾರ್ಡು ಮುಗಿಯಿತು. ಪಂಚಾಯಿತಿಗಳ ಗ್ರಂಥಾಲಯಗಳನ್ನು ಈಗ ‘ಅರಿವು ಕೇಂದ್ರ’ ಎಂದು ಕರೆಯುತ್ತಾರೆ. ಅಲ್ಲಿ ಅವ್ವನ ಹೆಸರಿಗೇ ಒಂದು ಕಾರ್ಡು ಮಾಡಿಸಬೇಕೆಂದಿದ್ದೇನೆ. ಕರವನ್ನಂತೂ ಕಟ್ಟಿಯಾಗಿದೆ. ಸದ್ಯಕ್ಕೆ ದಾರ ಇರುವುದು ಪುಸ್ತಕದ ನಡುಮಧ್ಯದಲ್ಲಿ, ಪರೀಕ್ಷೆಗೆ ಉಳಿದಿರುವುದು ಏಳು ವಾರ.