ಒಂಟಿ ಪ್ರತಿ

ಬರೆದುದನ್ನು ಕಾಪಾಡುವುದು ಬರೆಯುವುದಕ್ಕಿಂತ ಕಷ್ಟತರವಾದ ಕೆಲಸವು. ಓಲೆಗರಿಗೆ ಹುಳು, ಕಡತಕ್ಕೆ ಗೆದ್ದಲು, ಕಾಗದಕ್ಕೆ ನೀರು, ಹೀಗೆ ಒಂದೊಂದು ಸಾಧನಕ್ಕೂ ಒಂದೊಂದು ಶತ್ರುವು ಹುಟ್ಟಿಯೇ ಇರುವುದು. ಈಗಿನ ವರ್ತಕರು ಲೆಕ್ಕವೆಲ್ಲವನ್ನೂ ಒಪ್ಪಿಸಿರುವ ಸರ್ವರ್ ಯಂತ್ರಕ್ಕೆ ಮಾತ್ರ ಅಂತಹ ಶತ್ರುವಿಲ್ಲವೆಂಬ ನಂಬಿಕೆಯು ಹೇಗೋ ಬೇರೂರಿಬಿಟ್ಟಿದೆ. ಆ ಯಂತ್ರದೊಳಗೆ ಲೆಕ್ಕವು ನಿಂತಿರುವುದು ಬಹುಮಟ್ಟಿಗೆ ಹಾರ್ಡ್ ಡಿಸ್ಕ್ ಎಂಬ ತಟ್ಟೆಗಳ ಮೇಲೆ. ತಟ್ಟೆಯು ಸಾಮಾನ್ಯವಾಗಿ ನಿಮಿಷಕ್ಕೆ 7,200 ಸುತ್ತು ತಿರುಗುತ್ತಿರಲು, ಓದುವ ತಲೆಯು ಕೂದಲೆಳೆಯ ಸಾವಿರದಲ್ಲೊಂದು ಪಾಲಿಗಿಂತಲೂ ಕಡಮೆಯಾದ ಅಂತರದಲ್ಲಿ ಅದನ್ನು ಮುಟ್ಟದೆ ತೇಲುತ್ತದೆ. ಅದು ತಟ್ಟೆಗೆ ತಗುಲಿತೆಂದರೆ ಬರೆದದ್ದು ಕೆರೆದುಹೋಗುತ್ತದೆ.

ನನ್ನಲ್ಲಿ ಓದಿದ ಶಿಷ್ಯನೊಬ್ಬನು ಅಡಿಕೆ ಮಂಡಿಯನ್ನು ನಡೆಯಿಸುತ್ತಾನೆ. ರೈತರು ತಂದಿಳಿಸಿದ ಮಾಲಿನ ತೂಕ, ಅವರಿಗೆ ಕೊಟ್ಟ ಮುಂಗಡ, ಸಲ್ಲಬೇಕಾದ ಬಾಕಿ, ಎಲ್ಲವೂ ಒಂದೇ ಸರ್ವರಿನಲ್ಲಿ ಇದ್ದವು. ಅದರಲ್ಲಿ ಎರಡು ಡಿಸ್ಕುಗಳು. ಒಂದರಲ್ಲಿ ಬರೆದದ್ದು ಆ ಕ್ಷಣವೇ ಇನ್ನೊಂದರಲ್ಲಿಯೂ ಮೂಡುತ್ತಿತ್ತು. ಇದು ರೇಡ್ ಎಂಬ ಪದ್ಧತಿಯ ಒಂದು ಪ್ರಕಾರ. ಅಮೆರಿಕದ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ವಿದ್ವಾಂಸರು 1988ರ ತಮ್ಮ ಪ್ರಬಂಧದಲ್ಲಿ ಇದಕ್ಕೆ ಆ ಹೆಸರನ್ನಿಟ್ಟರು. ಒಂದು ಡಿಸ್ಕು ಕೆಟ್ಟರೂ ಕೆಲಸವು ನಿಲ್ಲಬಾರದೆಂಬುದೇ ಇದರ ಉದ್ದೇಶ. ಮಳೆಗಾಲದಲ್ಲಿ ಒಂದು ಡಿಸ್ಕು ಕೆಟ್ಟಿತು. ಎಚ್ಚರಿಕೆಯ ದೀಪವು ಮಿನುಗುತ್ತಿದ್ದರೂ, ವ್ಯಾಪಾರವು ಸಾಗುತ್ತಿದ್ದ ಕಾರಣ ಯಾರೂ ಲಕ್ಷ್ಯ ಕೊಡಲಿಲ್ಲ. ಅದೇ ದಿನ ಕೊಂಡು, ಅದೇ ಸೆಕೆಯಲ್ಲಿ ಅಷ್ಟೇ ವರ್ಷ ದುಡಿದಿದ್ದ ಎರಡನೆಯದೂ ದೀಪಾವಳಿಯ ಹೊತ್ತಿಗೆ ಟಕಟಕನೆ ಸದ್ದುಮಾಡತೊಡಗಿತು. ಅಂತಹ ಸದ್ದು ಕೇಳಿದೊಡನೆ ಯಂತ್ರವನ್ನು ನಿಲ್ಲಿಸಿ ಪರಿಣತರಿಗೆ ಒಪ್ಪಿಸತಕ್ಕದ್ದು. ಮಂಡಿಯವರು ಗಾಬರಿಯಿಂದ ಮತ್ತೆ ಮತ್ತೆ ಚಾಲೂ ಮಾಡಿದರು, ಉಳಿಯಬಹುದಾಗಿದ್ದದ್ದೂ ಅಳಿಯಿತು.

ಕಡೆಗೆ ಕೈಗೆ ದೊರೆತದ್ದು ರೈತರು ತಮ್ಮ ಮನೆಗಳಲ್ಲಿ ತಂತಿಗೆ ಚುಚ್ಚಿ ತೂಗುಹಾಕಿದ್ದ ತೂಕದ ಚೀಟಿಗಳು. ಅವನ್ನು ಬೇಡಿ ತಂದು ಎರಡು ತಿಂಗಳು ಕುಳಿತು ಹೊಸ ಖಾತೆಯನ್ನು ಕಟ್ಟಿದರು. ಚೀಟಿ ಕಳೆದವರಿಗೆ ಅವರ ಮಾತನ್ನೇ ನಂಬಿ ಹಣ ಕೊಟ್ಟದ್ದಾಯಿತು. ಮುಂಗಡ ಪಡೆದವರಲ್ಲಿ ಅನೇಕರು ತಾವಾಗಿ ಬಂದು ಒಪ್ಪಿಕೊಂಡರು, ಕೆಲವರು ಬರಲಿಲ್ಲ. “ಹಣ ಹೋದರೆ ಮತ್ತೆ ಸಂಪಾದಿಸಬಹುದು, ಮೇಷ್ಟ್ರೇ. ಎದುರಿಗೆ ಬಂದವನು ನಿಜ ಹೇಳುತ್ತಾನೋ ಸುಳ್ಳು ಹೇಳುತ್ತಾನೋ ಎಂದು ದಿನವೂ ಮುಖ ನೋಡುವ ಹಾಗಾಯಿತಲ್ಲ!” ಎಂದು ಅವನು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ.

ಇಲ್ಲಿ ವಿಚಾರಿಸಬೇಕಾದದ್ದೇನೆಂದರೆ, ಪ್ರತಿಬಿಂಬವೇ ಬೇರೆ, ಪ್ರತಿಯೇ ಬೇರೆ. ಗುಮಾಸ್ತನು ಕೈತಪ್ಪಿ ಒಂದು ಖಾತೆಯನ್ನು ಅಳಿಸಿದರೆ ಜೋಡಿ ಡಿಸ್ಕುಗಳೆರಡರಲ್ಲಿಯೂ ಅದು ಒಟ್ಟಿಗೆ ಅಳಿಯುವುದು. ಪ್ರತಿಯೆಂಬುದು ಮೂಲದ ವಿಪತ್ತು ತನಗೆ ತಗುಲದಷ್ಟು ದೂರದಲ್ಲಿರಬೇಕು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಸಂಸ್ಥೆಯ ಸರ್ವರುಗಳಿದ್ದ ಕಟ್ಟಡವು ಬೆಂಕಿಗೆ ತುತ್ತಾದಾಗ, ಮೂಲವನ್ನೂ ನಕಲನ್ನೂ ಅಲ್ಲಿಯೇ ಇಟ್ಟಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. ದೂರವಿದ್ದರೂ ಸಾಲದು, ಆ ಪ್ರತಿಯನ್ನು ತೆರೆದು ಓದಿ ನೋಡಿರಬೇಕು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಮೂಲವು ಕೈತಪ್ಪಿ ಅಳಿದುಹೋದಾಗಲೇ, ನಿತ್ಯವೂ ನಡೆಯುತ್ತಿದೆಯೆಂದು ನಂಬಿದ್ದ ನಕಲು ನಡೆಯುತ್ತಲೇ ಇರಲಿಲ್ಲವೆಂದು ಅವರಿಗೆ ತಿಳಿದದ್ದು. ಬೇರೊಂದು ಕಾರ್ಯಕ್ಕಾಗಿ ಸುಮಾರು 6 ಗಂಟೆಗಳ ಮೊದಲು ತೆಗೆದಿದ್ದ ಪ್ರತಿಯೊಂದು ಅವರನ್ನು ಉಳಿಸಿತು.

ಈ ಎಚ್ಚರವು ನಮ್ಮವರಿಗೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಲೆಕ್ಕಪತ್ರಗಳ ವಿಭಾಗಕ್ಕೆಂದೇ ಅಕ್ಷಪಟಲವೆಂಬ ಪ್ರಕರಣವಿದೆ. ಆ ಗ್ರಂಥವಾದರೂ ಬಹುಕಾಲ ಹೆಸರಿಗಷ್ಟೇ ಉಳಿದಿತ್ತು. 1905ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದ ಓಲೆಯ ಪ್ರತಿಯಿಂದ 1909ರಲ್ಲಿ ಅದು ಮುದ್ರಣವನ್ನು ಕಂಡಿತು. ಹೆಸರರಿಯದ ಲಿಪಿಕಾರನೊಬ್ಬನು ಬೇಸರಿಸದೆ ನಕಲೆತ್ತಿದ್ದರ ಫಲವದು.

ಸಣ್ಣ ವ್ಯಾಪಾರಿಗೆ ಇದು ಮಹಾಯಜ್ಞವೇನೂ ಅಲ್ಲ. ಲೆಕ್ಕದ ಪ್ರತಿಗಳು ಮೂರು. ಅವು ಇರುವ ಸಾಧನಗಳು ಎರಡು ಬಗೆ. ಒಂದು ಪ್ರತಿಯು ಬೇರೆಯ ಸ್ಥಳದಲ್ಲಿ. ಇಷ್ಟೇ ಬಲ್ಲವರು ಹೇಳುವ ನಿಯಮ. ಇದರೊಡನೆ ತಿಂಗಳಿಗೊಮ್ಮೆ ಒಂದು ಹಳೆಯ ಖಾತೆಯನ್ನು ನಕಲಿನಿಂದ ತೆಗೆದು ಓದಿ ನೋಡಬೇಕು. ನನ್ನ ಶಿಷ್ಯನು ಈಗ ಪ್ರತಿ ಅಮಾವಾಸ್ಯೆಯಂದು ಹಾಗೆ ಮಾಡುತ್ತಾನೆ.

ಅನ್ಯರು ನಂಬಿ ಇಟ್ಟ ಒಡವೆಯನ್ನು ಧರ್ಮಶಾಸ್ತ್ರಗಳು ನಿಕ್ಷೇಪವೆಂದು ಕರೆದು, ಅದನ್ನು ಕಾಯುವ ಹೊಣೆಯನ್ನು ಪಡೆದವನ ಮೇಲಿಟ್ಟಿವೆ. ಮಂಡಿಯ ಖಾತೆಯಲ್ಲಿರುವುದು ಮಂಡಿಯವನ ಲಾಭವೊಂದೇ ಅಲ್ಲ, ನೂರು ಮನೆಗಳ ವರ್ಷದ ದುಡಿಮೆ. ಅದನ್ನು ಒಂಟಿ ಪ್ರತಿಯಲ್ಲಿ ಬಿಟ್ಟು ಮಲಗುವ ಹಕ್ಕು ಯಾರಿಗೂ ಇಲ್ಲ.