ಬಾಯಿಗೆ ಬಂದ ದೇವರು

ಆಗಸ್ಟ್ 29, 2024, ಗುರುವಾರ
ಹಲಸೂರು

ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾದಲ್ಲಿ ಇವತ್ತು ಹಬ್ಬದ ಬಾವುಟ ಏರುವ ದಿನ. ಆ ಕಡೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿ ಟ್ಯೂಷನ್ ಮಕ್ಕಳಲ್ಲಿ ಅರ್ಧ ಜನ ತಡ. ಬಂದವರಲ್ಲಿ ಮೂರನೇ ಕ್ಲಾಸಿನವನೊಬ್ಬ ಪೆನ್ಸಿಲ್ ಬಾಕ್ಸ್ ಕೆಡವಿ "ಜೀಸಸ್!" ಅಂದ. ಪಕ್ಕದ ಹುಡುಗಿ, ಕ್ಯಾಥೊಲಿಕ್ ಮನೆಯವಳು, "ಹಾಗನ್ನಬಾರ್ದು, ಪಾಪ. ಸಾರಿ ಕೇಳು" ಎಂದು ಪಟ್ಟು ಹಿಡಿದಳು. ಯಾರಿಗೆ ಸಾರಿ ಕೇಳಬೇಕೆಂದು ತಿಳಿಯದೆ ಅವನು ನನ್ನ ಮುಖ ನೋಡಿದ. ಜಗಲಿಯಲ್ಲಿ ಕಾಯುತ್ತಿದ್ದ ಅವನ ಅಜ್ಜಿಯ ಸಂಕಟವೇ ಬೇರೆ: "ರಾಮಾ ಅನ್ನೋಕೆ ನಾಲಿಗೆ ಹೊರಳಲ್ವೇನೋ? ನಮ್ಮಲ್ಲಿ ದೇವ್ರಿಗೇನು ಬರಗಾಲವಾ?"

ಇಬ್ಬರೂ ಸಿಟ್ಟಾದದ್ದು ಒಂದೇ ಮಾತಿಗೆ. ಹುಡುಗಿಗೆ ಆ ಹೆಸರು ತೀರಾ ದೊಡ್ಡದು, ಅಜ್ಜಿಗೆ ಅದು ನಮ್ಮದಲ್ಲ. ಹುಡುಗನಿಗಂತೂ ಅದು ಯಾರ ಹೆಸರೂ ಅಲ್ಲ. ಕಾರ್ಟೂನಿನಲ್ಲಿ ಏನಾದರೂ ಬಿದ್ದರೆ ಹಾಗನ್ನುತ್ತಾರೆ, ಅಷ್ಟೇ.

ಆಗಸ್ಟ್ 31, ಶನಿವಾರ

ಅಜ್ಜಿಯ ಲೆಕ್ಕ ನನಗೆ ಗೊತ್ತು, ಬೆಳೆದದ್ದೇ ಅದರಲ್ಲಿ. ಆಕಳಿಸಿದರೆ ಕೃಷ್ಣ ಕೃಷ್ಣ, ಹಾಲು ಉಕ್ಕಿದರೆ ರಾಮ ರಾಮಾ, ಮಂಡಿ ಹಿಡಿದು ಏಳುವಾಗ ಶಿವನೇ. ಅಜಾಮಿಳ ಸಾಯುವಾಗ ಕರೆದದ್ದು ತನ್ನ ಮಗ ನಾರಾಯಣನನ್ನು, ಬಂದವರು ವಿಷ್ಣುದೂತರು. ಭಾಗವತದ ಆ ಕಥೆ ಕೇಳಿಕೊಂಡು ಬಂದ ಮನೆಗಳಲ್ಲಿ ದೇವರ ಹೆಸರು ಹೇಗೆ ಬಾಯಿಗೆ ಬಂದರೂ ಜಮೆಯೇ, ಖರ್ಚು ಎಂಬುದಿಲ್ಲ. ಮಕ್ಕಳಿಗೆ ದೇವರ ಹೆಸರಿಡುವುದೂ ಅದಕ್ಕೇ. ಬೈಯುವ ನೆಪದಲ್ಲಾದರೂ ದಿನವಿಡೀ ನಾಮಸ್ಮರಣೆ.

ಆ ಹುಡುಗಿಯ ಮನೆಯಲ್ಲಿ ಹಾಗಲ್ಲ. ದೇವರ ಹೆಸರನ್ನು ವ್ಯರ್ಥವಾಗಿ ಎತ್ತಬಾರದೆಂಬುದು ಹತ್ತು ಕಟ್ಟಳೆಗಳಲ್ಲೇ ಸೇರಿದೆ. ಕ್ಯಾಥೊಲಿಕರ ಎಣಿಕೆಯಲ್ಲಿ ಅದು ಎರಡನೆಯದು, ಪ್ರಾಟೆಸ್ಟಂಟರಲ್ಲಿ ಹೆಚ್ಚಿನವರಿಗೆ ಮೂರನೆಯದು. ಇಂಗ್ಲಿಷಿನವರು ಇದಕ್ಕೊಂದು ಒಳದಾರಿ ಮಾಡಿಕೊಂಡರು: ಗಾಡ್ ಅನ್ನದೆ ಗಾಶ್, ಜೀಸಸ್ ಅನ್ನದೆ ಜೀ. ಕಾಕ್ಸ್ ಟೌನಿನಲ್ಲಿ ನಾವಿದ್ದಾಗ ಪಕ್ಕದ ಮನೆಯ ಆಂಗ್ಲೋ ಇಂಡಿಯನ್ ಆಂಟಿ ಕೈ ಸುಟ್ಟುಕೊಂಡರೂ "ಗುಡ್‌ನೆಸ್" ಅಂದಾರು, ಗಾಡ್ ಅಂದದ್ದು ನಾನು ಕೇಳಿಲ್ಲ. ಈಗ ಇಂದಿರಾನಗರದ ಅಂಗಡಿಗಳಲ್ಲಿ ಚಪ್ಪಲಿಯ ಬೆಲೆ ನೋಡಿದವರೂ "ಓ ಮೈ ಗಾಡ್". ಯಾವ ಧರ್ಮದವರು ಅಂದರು ಎಂದು ಯಾರೂ ತಿರುಗಿ ನೋಡುವುದಿಲ್ಲ.

ಸೆಪ್ಟೆಂಬರ್ 4, ಬುಧವಾರ

ಟ್ಯಾನರಿ ರಸ್ತೆಯಿಂದ ಟ್ಯೂಷನ್ನಿಗೆ ಬರುವ ಹುಡುಗನೊಬ್ಬನ ಅಮ್ಮ ಬಂದಿದ್ದರು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು, "ಮಿಸ್, ಇವ್ನು ಮನೇಲಿ ಎದ್ರೂ ಬಿದ್ರೂ ಅಯ್ಯೋ ಶಿವನೇ ಅಂತಾನೆ. ನಂಗೇನಿಲ್ಲ, ಇವ್ನ ದಾದಾಗೆ ಬೇಜಾರು" ಎಂದರು. ಅದು ನನ್ನದೇ ಮಾತು, ಮಕ್ಕಳ ಗಣಿತದ ನೋಟ್ಸ್ ತೆರೆದಾಗಲೆಲ್ಲ ನನಗೆ ಬರುವುದು ಅದೇ. ಹಾಗೆಂದೆ. ಆಕೆ ನಕ್ಕು ಒಳಗೆ ಬಂದು ಕೂತರು. ಆಕೆಯ ತಾಯಿ ರಸೆಲ್ ಮಾರ್ಕೆಟ್ ಎದುರು ಹಣ್ಣು ಮಾರುವಾಗ, ಗಿರಾಕಿ ಅರ್ಧ ಬೆಲೆಗೆ ಕೇಳಿದರೆ "ಅಯ್ಯೋ ರಾಮಾ" ಅನ್ನುತ್ತಿದ್ದರಂತೆ. ಮನೆಗೆ ಬಂದರೆ "ಯಾ ಅಲ್ಲಾ".

"ಆಗ ಯಾರೂ ಕೇಳ್ತಿರ್ಲಿಲ್ಲ ಮಿಸ್."

ಕೇಳುತ್ತಿದ್ದರೋ ಏನೋ. ದಾದಾರ ಬೇಜಾರಿನಲ್ಲಿ ದ್ವೇಷವೇನೂ ಇಲ್ಲ. ದೇವರೊಬ್ಬನೇ ಎಂಬುದು ಅವರ ಧರ್ಮದ ಮೊದಲ ಮಾತು. ಮೊಮ್ಮಗ ನೋವಾದಾಗ ಇನ್ನೊಂದು ಹೆಸರು ಕರೆದರೆ ಅವರಿಗೆ ಚುರುಕ್ ಅನ್ನುವುದು ಸಹಜ. ಆದರೆ ಹುಡುಗ ಕರೆದದ್ದು ಶಿವನನ್ನಲ್ಲ, ನನ್ನ ದನಿಯನ್ನು. "ಬೈಯಬೇಡಿ, ಬೈದ್ರೆ ಆ ಮಾತಿಗೆ ರುಚಿ ಹತ್ತುತ್ತೆ" ಎಂದೆ. ತಾನಾಗಿ ಬಾಯಿಂದ ಹೊರಟ ಉದ್ಗಾರವನ್ನು ನಾನು ತಿದ್ದುವವಳಲ್ಲ, ಯಾವ ಮನೆಯವರು ಹೇಳಿದರೂ.

ಸೆಪ್ಟೆಂಬರ್ 8, ಭಾನುವಾರ

ನಿನ್ನೆ ಗಣೇಶ, ಇವತ್ತು ಮೇರಿಯಮ್ಮ. ಬೆಸಿಲಿಕಾದ ಸುತ್ತ ಕಾಲಿಡಲು ಜಾಗವಿಲ್ಲ. ಹರಕೆಗೆ ಕಾವಿ ಬಣ್ಣದ ಸೀರೆಯುಟ್ಟವರ ನಡುವೆ ಕುಂಕುಮ ಇಟ್ಟವರೂ ಸಾಕಷ್ಟು. ಅಂಥ ಒಬ್ಬಾಕೆ ಕಾಲು ತುಳಿಸಿಕೊಂಡು "ಮಾದಾವೇ" ಅಂದಳು, ಅಚ್ಚ ತಮಿಳಿನಲ್ಲಿ.

ಹಾಗಂತ ದೊಡ್ಡವರ ಅಂಜಿಕೆಯನ್ನು ಗೇಲಿ ಮಾಡಲಾರೆ. 1986ರ ಡಿಸೆಂಬರಿನಲ್ಲಿ ಡೆಕ್ಕನ್ ಹೆರಾಲ್ಡಿನ ಭಾನುವಾರದ ಸಂಚಿಕೆಯಲ್ಲಿ ಮಲಯಾಳದಿಂದ ಬಂದ ಕಥೆಯೊಂದು ಅಚ್ಚಾಯಿತು. ಕಥೆ ಬುದ್ಧಿ ಬೆಳೆಯದ ಒಬ್ಬ ಹುಡುಗನದು, ಆದರೆ ಅವನ ಹೆಸರು ಪ್ರವಾದಿಯವರದು. ಊರಿಗೆ ಬೆಂಕಿ ಬಿತ್ತು, ಜನ ಸತ್ತರು, ಕರ್ಫ್ಯೂ ಹಾಕಿದರು. 2020ರ ಆಗಸ್ಟ್ 11ರ ರಾತ್ರಿ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿ ಹೊತ್ತಿಕೊಂಡದ್ದು ಒಂದು ಫೇಸ್‌ಬುಕ್ ಪೋಸ್ಟಿನಿಂದ. ಟ್ಯಾನರಿ ರಸ್ತೆಯ ದಾದಾ ಎರಡನ್ನೂ ಕಂಡವರು. ಮೊಮ್ಮಗನ ಬಾಯಿಗೆ ಅವರು ಕಿವಿಗೊಟ್ಟು ಕೂರುವುದು ಬರೀ ಶಾಸ್ತ್ರಕ್ಕಲ್ಲ.

ಸೆಪ್ಟೆಂಬರ್ 12, ಗುರುವಾರ

ಒಂದು ಶಾರ್ಪ್‌ನರ್ ಕಾಣೆ. "ಅಲ್ಲಾ ಕಸಮ್ ನಾನಲ್ಲ", ಗಂಟಲ ಚರ್ಮ ಹಿಡಿದುಕೊಂಡು "ಗಾಡ್ ಪ್ರಾಮಿಸ್ ನಾನಲ್ಲ", "ದೇವ್ರಾಣೆ ನಾನಲ್ಲ". ಮೂರೂ ದೇವರು ಸಾಕ್ಷಿಗೆ ಬಂದಾಯಿತು; ಶಾರ್ಪ್‌ನರ್ ಮಾತ್ರ ಅದರಲ್ಲೊಬ್ಬರ ಬ್ಯಾಗಿನಲ್ಲಿ. ಯಾರೆಂದು ಇಲ್ಲೂ ಬರೆಯುವುದಿಲ್ಲ.

ಉದ್ಗಾರಕ್ಕೆ ಹಿಡಿಯುವ ದೊಣ್ಣೆಯನ್ನು ದೊಡ್ಡವರು ಆಣೆಗೆ ಹಿಡಿಯುವುದೇ ಇಲ್ಲ. ಹಿಡಿಯುವುದಾದರೆ ಇಲ್ಲಿ ಹಿಡಿಯಬೇಕು. ಯೇಸು ಬೆಟ್ಟದ ಪ್ರಸಂಗದಲ್ಲಿ ಆಣೆಯನ್ನೇ ಇಡಬೇಡಿ ಎಂದ. ಕುರಾನ್ ಬಾಯಿಮಾತಿನ ಆಣೆಯನ್ನು ಮನ್ನಿಸುತ್ತದೆ. ಮನಸಾರೆ ಇಟ್ಟ ಆಣೆ ಮುರಿದರೆ ಹತ್ತು ಬಡವರಿಗೆ ಊಟ ಅಥವಾ ಬಟ್ಟೆ, ಕೈಲಾಗದಿದ್ದರೆ ಮೂರು ದಿನದ ಉಪವಾಸ. ನಮ್ಮ ಕಡೆ ಆಣೆ ಎಂದರೆ ಧರ್ಮಸ್ಥಳ. 2011ರಲ್ಲಿ ಯಡಿಯೂರಪ್ಪನವರು ಕುಮಾರಸ್ವಾಮಿಯವರನ್ನು ಅಲ್ಲಿಗೇ ಪ್ರಮಾಣಕ್ಕೆ ಕರೆದಿದ್ದರಲ್ಲ. ಕೋರ್ಟು ಇವರೆಲ್ಲರಿಗಿಂತ ಮಕ್ಕಳನ್ನು ಚೆನ್ನಾಗಿ ಬಲ್ಲದು. 1969ರ ಪ್ರಮಾಣ ಕಾಯಿದೆಯ ಪ್ರಕಾರ, ಹನ್ನೆರಡು ವರ್ಷದೊಳಗಿನ ಸಾಕ್ಷಿಗೆ ನಿಜ ಹೇಳಬೇಕೆಂಬುದು ತಿಳಿದಿದ್ದು ಪ್ರಮಾಣವೆಂದರೇನೆಂದು ತಿಳಿಯದಿದ್ದರೆ, ಪ್ರಮಾಣವಿಲ್ಲದೆಯೇ ಸಾಕ್ಷಿ ಹೇಳಿಸಬಹುದು.

ನನ್ನ ಮನೆಯಲ್ಲೂ ಇನ್ನು ಇದೇ ಕಾನೂನು. ಆಣೆ ಇಲ್ಲ. ತೆಗೆದೆಯಾ, ಇಲ್ಲವಾ, ಅಷ್ಟು ಹೇಳಿದರೆ ಸಾಕು.

ಸೆಪ್ಟೆಂಬರ್ 16, ಸೋಮವಾರ

ಈದ್ ಮಿಲಾದ್ ರಜೆ. ಟ್ಯೂಷನ್ ಇಲ್ಲ, ಫೋನಿಗೆ ಮಾತ್ರ ರಜೆ ಇಲ್ಲ. ಶನಿವಾರ ಒಂಬತ್ತನೇ ಕ್ಲಾಸಿನ ಹುಡುಗನನ್ನು ಜಗಲಿಗೆ ಕಳಿಸಿದ್ದೆ. ಟ್ಯಾನರಿ ರಸ್ತೆಯ ಚಿಕ್ಕವನು ಎದ್ದಾಗಲೆಲ್ಲ ಅವನ ಕಿವಿಯ ಹತ್ತಿರ ಹೋಗಿ ದೇವರ ಹೆಸರಿನ ಘೋಷಣೆ ಕೂಗಿ ನಗುತ್ತಿದ್ದ. "ದೇವ್ರ ಹೆಸ್ರೇ ಅಲ್ವಾ ಮಿಸ್, ತಪ್ಪೇನು?" ಎಂದು ನನ್ನನ್ನೇ ಕೇಳಿದ. ಇವತ್ತು ಅವನ ತಂದೆಯೂ ಅದನ್ನೇ ಕೇಳಿದರು: "ದೇವ್ರ ಹೆಸ್ರು ಹೇಳಿದ್ದಕ್ಕೆ ಶಿಕ್ಷೆನಾ ಮೇಡಂ?"

ಹೆಸರಿಗಲ್ಲ ಸಾರ್, ನಗುವಿಗೆ ಎಂದೆ. ಅವರ ತಾಯಿ ಕೂರುವಾಗ ಏಳುವಾಗ ಅದೇ ದೇವರನ್ನು ಕರೆಯುತ್ತಾರೆ, ಅದನ್ನು ಕೇಳಿ ಯಾವ ಮಗುವೂ ಗೋಡೆಗೆ ಒತ್ತಿಕೊಂಡು ನಿಂತದ್ದಿಲ್ಲ. ಒಂದು ಸಂಜೆ ಬಂದು ಕೂತು ನೋಡಿ ಎಂದು ಕರೆದಿದ್ದೇನೆ, ಬರುವುದು ಅನುಮಾನ. ಹುಡುಗ ಚಿಕ್ಕವನ ಹತ್ತಿರ ಸಾರಿ ಕೇಳುವವರೆಗೆ ಜಗಲಿಯಲ್ಲೇ ಕೂತು ಓದಲಿ. ತಿಂಗಳ ಫೀಸು ವಾಪಸ್ ಬೇಕೆಂದರೆ ಕೊಟ್ಟುಬಿಡುತ್ತೇನೆ.